ಸಕ್ಕರೆ ಕಾಯಿಲೆಯ ಮಗುವನ್ನು ನೋಡಿಕೊಳ್ಳುವವರಿಗೆ

ತಾಯಿಯು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಕೆಲಸವು ನಮ್ಮ ಮಂಗಳೂರಿನಲ್ಲಿ ಬಹಳ ಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೆ ಬಂದದ್ದಾಗಿದೆ. ತಾಯಿಯು ಗೇರುಬೀಜದ ಕಾರ್ಖಾನೆಗೆ ಹೋಗಿರಲಿ, ಆಸ್ಪತ್ರೆಯಲ್ಲಿ ದಾದಿಯಾಗಿ ರಾತ್ರಿಯ ಪಾಳಿಗೆ ಹೋಗಿರಲಿ, ಕಟ್ಟಿದ ಬೀಡಿಯನ್ನು ಒಪ್ಪಿಸಿ ಬರಲು ಹೋಗಿರಲಿ, ಮಗುವಿನ ಬಳಿಯಲ್ಲಿ ಅಜ್ಜಿಯೋ ಅಕ್ಕನೋ ನೆರೆಮನೆಯ ದೊಡ್ಡ ಹುಡುಗಿಯೋ ಕುಳಿತಿರುತ್ತಾಳೆ. ಈ ಕೆಲಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ನಮ್ಮ ಶಾಲೆಯ ಮೇಲ್ತರಗತಿಯ ಬಾಲಿಕೆಯರಲ್ಲಿ ಇದನ್ನು ಮಾಡದವರು ಕಡಿಮೆ.

ಆದರೆ ಆ ಮಗುವಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಕೂಡಲೆ ಎಲ್ಲರೂ ಹಿಂಜರಿಯುತ್ತಾರೆ. “ಏನಾದರೂ ಆದರೆ ನಾವು ಏನು ಮಾಡುವುದು?” ಎಂಬುದೇ ಎಲ್ಲರ ಉತ್ತರ. ನಮಗೆ ಪರಿಚಯವಿರುವ ಒಬ್ಬ ತಾಯಿಯು ಈ ಕಾರಣದಿಂದ ಸ್ವಂತ ತಂಗಿಯ ಮದುವೆಗೂ ಹೋಗಲಾರದೆ ಮನೆಯಲ್ಲಿಯೇ ಉಳಿದರು. ಈ ಹೆದರಿಕೆಯು ಅರ್ಧ ನ್ಯಾಯವಾದದ್ದು, ಅರ್ಧ ತಿಳಿಯದ್ದರಿಂದ ಬಂದದ್ದು ಎಂದು ನಮ್ಮ ಅಭಿಪ್ರಾಯ. ಮೂರು ನಾಲ್ಕು ತಾಸು ಮಗುವನ್ನು ನೋಡಿಕೊಳ್ಳುವವಳು ವೈದ್ಯಳಾಗಬೇಕಾಗಿಲ್ಲ. ಕೆಲವು ಸಂಗತಿಗಳನ್ನು ಮಾತ್ರ ಚೆನ್ನಾಗಿ ತಿಳಿದಿರತಕ್ಕದ್ದು. ಅವುಗಳಲ್ಲಿ ಮುಖ್ಯವಾದದ್ದು ಕೇಳುವವರಿಗೆ ವಿಪರೀತವಾಗಿ ತೋರೀತು. ಸಕ್ಕರೆ ಕಾಯಿಲೆಯ ಮಗುವಿನ ಪ್ರಾಣವನ್ನು ಉಳಿಸುವ ವಸ್ತುವು ಅನೇಕ ಸಲ ಸಕ್ಕರೆಯೇ ಆಗಿರುತ್ತದೆ.

ಇದು ಹೇಗೆಂದು ತಿಳಿಯಬೇಕಾದರೆ ಕಾಯಿಲೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ನಾವು ಉಣ್ಣುವ ಅನ್ನ, ಗಂಜಿ, ದೋಸೆ ಇವೆಲ್ಲ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲುಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ರಕ್ತದಲ್ಲಿರುವ ಈ ಸಕ್ಕರೆಯು ಸ್ನಾಯು ಮೊದಲಾದ ಅಂಗಗಳ ಒಳಕ್ಕೆ ಹೋಗಬೇಕಾದರೆ ಇನ್ಸುಲಿನ್ ಎಂಬ ರಸವು ಬಾಗಿಲು ತೆರೆಯಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಅಲ್ಲಲ್ಲಿ ಚದರಿರುವ ಸಣ್ಣ ಕಣಸಮೂಹಗಳು ಈ ರಸವನ್ನು ತಯಾರಿಸುತ್ತವೆ. ಅವುಗಳನ್ನು ೧೮೬೯ರಲ್ಲಿ ಮೊದಲು ವರ್ಣಿಸಿದವನು ಪೌಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ. ರೋಗಗಳಿಂದ ನಮ್ಮನ್ನು ಕಾಯತಕ್ಕ ದೇಹದ ರಕ್ಷಕಶಕ್ತಿಯೇ ಕೆಲವು ಮಕ್ಕಳಲ್ಲಿ ದಾರಿತಪ್ಪಿ ಈ ಕಣಗಳನ್ನು ನಾಶಮಾಡುತ್ತದೆ. ಆಗ ಇನ್ಸುಲಿನ್ ಉಂಟಾಗುವುದಿಲ್ಲ. ಸಕ್ಕರೆಯು ರಕ್ತದಲ್ಲಿಯೇ ನಿಂತು ಮೂತ್ರದ ಮೂಲಕ ಹೊರಬೀಳುತ್ತದೆ. ಮಗುವು ಉಂಡರೂ ಸೊರಗುತ್ತದೆ. ಇದನ್ನು ಒಂದನೆಯ ವಿಧದ ಮಧುಮೇಹ ಎನ್ನುತ್ತಾರೆ.

ಅಜ್ಜನಿಗೆ ಐವತ್ತನೆಯ ವಯಸ್ಸಿನಲ್ಲಿ ಬಂದ ಸಕ್ಕರೆ ಕಾಯಿಲೆಯು ಸಾಮಾನ್ಯವಾಗಿ ಎರಡನೆಯ ವಿಧದ್ದು. ಅಜ್ಜನ ಪಥ್ಯವನ್ನೂ ಮಾತ್ರೆಯನ್ನೂ ಮಗುವಿಗೆ ಅನ್ವಯಿಸಲಾಗದು. ಈ ಮಗುವಿಗೆ ಇನ್ಸುಲಿನ್ ಚುಚ್ಚುಮದ್ದಿನ ಹೊರತು ಬೇರೆ ಗತಿಯಿಲ್ಲ. ಹಾಗಲಕಾಯಿಯ ರಸವನ್ನೋ ಯಾರೋ ಕೊಟ್ಟ ಪುಡಿಯನ್ನೋ ನಂಬಿ ಚುಚ್ಚುಮದ್ದನ್ನು ನಿಲ್ಲಿಸಿದರೆ ಮಗುವು ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಗುರಿಯಾಗುತ್ತದೆ. ಇನ್ನೊಂದು ಮಾತು: ಮಿಠಾಯಿ ತಿಂದದ್ದರಿಂದ ಈ ರೋಗವು ಬಂದದ್ದಲ್ಲ, ಇದು ಅಂಟುರೋಗವಲ್ಲ, ತಾಯಿಯ ತಪ್ಪಿನಿಂದಲೂ ಆದದ್ದಲ್ಲ. ಆ ತಾಯಂದಿರು ನೆರೆಹೊರೆಯವರಿಂದ ಈ ಮಾತನ್ನು ಎಷ್ಟು ಸಲ ಕೇಳಿರುತ್ತಾರೋ!

ನೂರು ವರ್ಷಗಳ ಹಿಂದೆ ಹೀಗೆ ಬರೆಯುವ ಅವಶ್ಯವೇ ಇರಲಿಲ್ಲ, ಯಾಕಂದರೆ ಆಗ ಈ ಮಕ್ಕಳು ಬದುಕುತ್ತಿರಲಿಲ್ಲ. ವೈದ್ಯರು ಆಹಾರವನ್ನು ಅತಿಯಾಗಿ ಕಡಿಮೆಮಾಡಿಸಿ ಅವರ ಆಯುಸ್ಸನ್ನು ಕೆಲವು ಕಾಲ ಎಳೆಯುತ್ತಿದ್ದರು, ಅಷ್ಟೆ. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬವರು ಮ್ಯಾಕ್ಲಿಯಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಈ ರಸವನ್ನು ಬೇರ್ಪಡಿಸಿದರು. ೧೯೨೨ನೆಯ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಆಗ ಅವನ ತೂಕವು ೩೦ ಕಿಲೋಗ್ರಾಮಿಗಿಂತಲೂ ಕಡಿಮೆ ಇತ್ತು. ಮೊದಲನೆಯ ಮದ್ದು ಶುದ್ಧವಾಗಿರದೆ ಫಲ ಕೊಡಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಶುದ್ಧಗೊಳಿಸಿದ ಮೇಲೆ ೨೩ರಂದು ತಿರುಗಿ ಚುಚ್ಚಲು ಹುಡುಗನು ಚೇತರಿಸಿಕೊಂಡು ಇನ್ನೂ ಹದಿಮೂರು ವರ್ಷ ಬದುಕಿದನು. ಬ್ಯಾಂಟಿಂಗನ ಜನ್ಮದಿನವಾದ ನವಂಬರ ೧೪ನ್ನು ಜಗತ್ತು ಮಧುಮೇಹದಿನವಾಗಿ ಆಚರಿಸುತ್ತದೆ. ನಮ್ಮ ದೇಶದಲ್ಲಿ ಅದೇ ದಿನವು ಮಕ್ಕಳ ದಿನಾಚರಣೆಯೂ ಆಗಿರುವುದು ಒಂದು ಸೋಜಿಗ.

ಈಗ ನೋಡಿಕೊಳ್ಳುವವಳ ಕೆಲಸಕ್ಕೆ ಬರೋಣ. ನಮ್ಮ ನಿಮ್ಮ ದೇಹದಲ್ಲಿ ಇನ್ಸುಲಿನ್ ಬೇಕಾದಾಗ ಬೇಕಾದಷ್ಟೇ ಹೊರಡುತ್ತದೆ. ಮಗುವಿಗಾದರೋ ತಾಯಿಯು ಅಂದಾಜುಮಾಡಿ ಮುಂಚಿತವಾಗಿಯೇ ಚುಚ್ಚಿರುತ್ತಾಳೆ. ಚುಚ್ಚಿದ ಮದ್ದನ್ನು ಹಿಂದಕ್ಕೆ ತೆಗೆಯಲಾಗದು. ಅನಂತರ ಊಟವು ತಡವಾದರೆ, ಮಗುವು ಹಟಮಾಡಿ ಅರ್ಧ ಬಿಟ್ಟರೆ, ಅಥವಾ ಎಂದಿಗಿಂತಲೂ ಹೆಚ್ಚಾಗಿ ಓಡಿ ಆಡಿದರೆ, ರಕ್ತದ ಸಕ್ಕರೆಯು ಬೇಕಾದದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಮಿದುಳಿಗೆ ಸಕ್ಕರೆಯೇ ಮುಖ್ಯ ಆಹಾರವಾದ್ದರಿಂದ ಇದೇ ಬೇಗನೆ ಬರುವ ಅಪಾಯ.

ಗುರುತುಗಳು ಯಾವುವೆಂದರೆ: ಮಗುವು ಬೆವರುತ್ತದೆ, ನಡುಗುತ್ತದೆ, ಬಿಳಿಚಿಕೊಳ್ಳುತ್ತದೆ, ಹಸಿವೆನ್ನುತ್ತದೆ, ತಲೆನೋವೆನ್ನುತ್ತದೆ. ನಮ್ಮೂರಿನ ಸೆಕೆಯಲ್ಲಿ ಬೆವರದವರು ಯಾರು ಎಂದು ನೀವು ಕೇಳಬಹುದು. ಕುತ್ತಿಗೆಯ ಹಿಂಭಾಗವನ್ನು ಮುಟ್ಟಿನೋಡಿರಿ. ಈ ಬೆವರು ಅನೇಕ ಸಲ ತಣ್ಣಗಿರುತ್ತದೆ, ಮಗುವು ಫಂಕದ ಕೆಳಗೆ ಸುಮ್ಮನೆ ಕುಳಿತಿದ್ದರೂ ಬರುತ್ತದೆ. ಕೆಲವು ಮಕ್ಕಳು ಕಾರಣವಿಲ್ಲದೆ ಅಳುತ್ತಾರೆ, ಸಿಟ್ಟಾಗುತ್ತಾರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಡುತ್ತಾರೆ. ಇದನ್ನು ಹಟವೆಂದು ಎಣಿಸಿ ಗದರಿಸುವುದು ದೊಡ್ಡ ತಪ್ಪು. ಶಾಂತಸ್ವಭಾವದ ಮಗುವು ಒಮ್ಮೆಗೇ ಜಗಳಗಂಟಿಯಾದರೆ ಮೊದಲು ಸಕ್ಕರೆಯನ್ನು ನೋಡಿರಿ, ಬುದ್ಧಿಮಾತು ಆಮೇಲೆ.

ಬೆರಳನ್ನು ಚುಚ್ಚಿ ಒಂದು ತೊಟ್ಟು ರಕ್ತದಿಂದ ಅಳೆಯುವ ಗ್ಲುಕೋಮೀಟರ್ ಎಂಬ ಯಂತ್ರವು ಮನೆಯಲ್ಲಿರುತ್ತದೆ. ಕೆಲವು ಮಕ್ಕಳ ತೋಳಿಗೆ ಅಂಟಿಸಿದ ಚಿಕ್ಕ ಯಂತ್ರವೇ ಫೋನಿಗೆ ಲೆಕ್ಕವನ್ನು ತಿಳಿಸುವುದೂ ಉಂಟು. ೭೦ ಮಿಲಿಗ್ರಾಮಿಗಿಂತ ಕಡಿಮೆ ತೋರಿಸಿದರೆ ಕೂಡಲೆ ಸಕ್ಕರೆ ಕೊಡಬೇಕು. ಯಂತ್ರವಿಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಅದಕ್ಕಾಗಿ ಕಾಯದೆ ಕೊಡಿರಿ. ಅನಾವಶ್ಯಕವಾಗಿ ಕೊಟ್ಟ ಎರಡು ಚಮಚ ಸಕ್ಕರೆಯಿಂದ ಆಗುವ ಕೇಡು ಅಲ್ಪ. ಬೇಕಾದಾಗ ಕೊಡದಿದ್ದರೆ ಆಗುವ ಕೇಡು ಬಹಳ.

ಪ್ರಮಾಣವು ಮಗುವಿನ ತೂಕದ ಪ್ರತಿ ಹತ್ತು ಕಿಲೋಗೆ ಸುಮಾರು ೩ ಗ್ರಾಂ. ಎಂದರೆ ಐದು ವರ್ಷದೊಳಗಿನ ಮಗುವಿಗೆ ಒಂದು ಚಹಾ ಚಮಚ, ಹತ್ತು ವರ್ಷದವರಿಗೆ ಎರಡು, ದೊಡ್ಡವರಿಗೆ ಮೂರು ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. ಗ್ಲುಕೋಸ್ ಪುಡಿಯಾದರೆ ಇನ್ನೂ ಒಳ್ಳೆಯದು. ಚಾಕೊಲೇಟ್, ಹೋಳಿಗೆ, ನೆವ್ರಿ ಇವು ಸಿಹಿಯಾದರೂ ಈ ಹೊತ್ತಿಗೆ ತಕ್ಕವುಗಳಲ್ಲ. ಅವುಗಳಲ್ಲಿರುವ ಕೊಬ್ಬು ಸಕ್ಕರೆಯು ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ನಮ್ಮ ಕರಾವಳಿಯವರಿಗೆ ಎಲ್ಲಕ್ಕೂ ಮೊದಲು ನೆನಪಾಗುವ ಎಳನೀರನ್ನೂ ಇಲ್ಲಿ ನಂಬಕೂಡದು. ಅದರಲ್ಲಿ ಸಕ್ಕರೆಯು ಕಡಿಮೆ, ಒಂದೊಂದು ಕಾಯಿಯಲ್ಲಿ ಒಂದೊಂದು ತೆರ. ಹದಿನೈದು ನಿಮಿಷ ಮಗುವನ್ನು ಕುಳ್ಳಿರಿಸಿ, ಆಟಕ್ಕೆ ಬಿಡದೆ, ತಿರುಗಿ ಅಳೆಯಿರಿ. ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿರಿ. ಸರಿಹೋದ ಮೇಲೆ ಊಟಕ್ಕೆ ತಡವಿದ್ದರೆ ಒಂದೆರಡು ಬಿಸ್ಕತ್ತು ತಿನ್ನಿಸಿ ತಾಯಿಗೆ ಫೋನು ಮಾಡಿರಿ. ರಾತ್ರಿ ಮಲಗಿದ ಮಗುವಿನ ತಲೆದಿಂಬು ಬೆವರಿನಿಂದ ನೆನೆದಿದ್ದರೆ ಎಬ್ಬಿಸಲು ಸಂಕೋಚಪಡಬೇಡಿರಿ.

ಮಗುವು ಪ್ರಜ್ಞೆತಪ್ಪಿದ್ದರೆ ಅಥವಾ ಸೆಳವು ಬಂದಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಕೂಡದು, ನೀರನ್ನು ಕೂಡ; ಅದು ಶ್ವಾಸನಾಳಕ್ಕೆ ಇಳಿಯಬಹುದು. ಒಂದು ಮಗ್ಗುಲಿಗೆ ಮಲಗಿಸಿ ೧೦೮ಕ್ಕೆ ಫೋನು ಮಾಡತಕ್ಕದ್ದು. ತಾಯಿಯು ಗ್ಲುಕಗಾನ್ ಎಂಬ ಮದ್ದನ್ನು ತಂದಿಟ್ಟು ಕಲಿಸಿಕೊಟ್ಟಿದ್ದರೆ ಅದನ್ನು ಕೊಡಬಹುದು. ಇನ್ಸುಲಿನನ್ನು ಆಗ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಸಕ್ಕರೆಯು ಏರುವುದರ ಗುರುತುಗಳು ಬೇರೆ: ಬಾಯಾರಿಕೆ, ಮೂತ್ರಕ್ಕೆ ಹೋಗುವುದು, ಆಯಾಸ. ಇದು ನಿಧಾನವಾಗಿ ಬರುವುದರಿಂದ ನೀರು ಕೊಟ್ಟು ತಾಯಿಯನ್ನು ಕೇಳಲು ಸಮಯವಿರುತ್ತದೆ. ಆದರೆ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಕಂಡರೆ ವೆನ್ಲಾಕ್ ಆಗಲಿ ಕಂಕನಾಡಿಯಾಗಲಿ, ಹತ್ತಿರವಿದ್ದ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಚುಚ್ಚುಮದ್ದು ಕೊಡುವುದು ನೋಡಿಕೊಳ್ಳುವವಳ ಕೆಲಸವಲ್ಲ, ಕಲಿತಿದ್ದರೆ ಹೊರತು. ಆದರೆ ಮದ್ದನ್ನು ಕಾಪಾಡುವುದು ಅವಳಿಗೂ ತಿಳಿದಿರಲಿ. ತೆರೆಯದ ಇನ್ಸುಲಿನ್ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಬಳಸುತ್ತಿರುವುದು ೩೦ ಡಿಗ್ರಿಯ ಒಳಗಾದರೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿರಬಹುದು. ನಮ್ಮ ಎಪ್ರಿಲ್ ಮೇ ತಿಂಗಳ ಕೋಣೆಗಳಿಗೆ ಈ ರಿಯಾಯಿತಿ ಅನ್ವಯಿಸುವುದು ಕಷ್ಟ. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ಮದ್ದಿಗೆ ನೀರು ತಾಗದಂತೆ ಮುಚ್ಚಿಟ್ಟ ಡಬ್ಬವು ಸಹಾಯಮಾಡುತ್ತದೆ.

ತಿಂಡಿಯ ವಿಷಯದಲ್ಲಿ ನಮ್ಮ ಜನರ ಪ್ರೀತಿಯೇ ತೊಂದರೆ ಕೊಡುತ್ತದೆ. ಒಬ್ಬರು “ಪಾಪ, ಮಗು” ಎಂದು ಬನ್ಸನ್ನೋ ಗೋಳಿಬಜೆಯನ್ನೋ ಲೆಕ್ಕವಿಲ್ಲದೆ ಕೊಡುತ್ತಾರೆ. ಇನ್ನೊಬ್ಬರು ಕ್ರಿಸ್ಮಸ್ಸಿನ ಕುಸ್ವಾರಿನ ತಟ್ಟೆಯನ್ನು ಎಲ್ಲ ಮಕ್ಕಳ ಮುಂದೆ ಹಿಡಿದು ಈ ಒಂದು ಮಗುವನ್ನು ದಾಟಿಹೋಗುತ್ತಾರೆ. ಎರಡನೆಯದು ಹೆಚ್ಚು ನೋಯಿಸುತ್ತದೆಂದು ನಾವು ಬಲ್ಲೆವು. ಮಗುವು ಎಲ್ಲರಂತೆ ಗಂಜಿಯನ್ನೂ ನೀರುದೋಸೆಯನ್ನೂ ಉಣ್ಣಬಹುದು, ಹಬ್ಬದ ತಿಂಡಿಯನ್ನೂ ರುಚಿನೋಡಬಹುದು. ಎಷ್ಟೆಂಬುದು ತಾಯಿಗೆ ತಿಳಿದು ಅದಕ್ಕೆ ತಕ್ಕಂತೆ ಮದ್ದು ಆಗಬೇಕು, ಅಷ್ಟೆ.

ನಮ್ಮ ಶಾಲೆಯಂಥ ಬಾಲಿಕೆಯರ ಶಾಲೆಗಳವರು ಹೇಳಲೇಬೇಕಾದ ಒಂದು ಮಾತುಂಟು. ಮಗುವು ಹೆಣ್ಣಾದರೆ ಅನೇಕ ಮನೆಗಳಲ್ಲಿ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಂದೆ ಮದುವೆಯ ಮಾತು ಬಂದಾಗ ಅಡ್ಡಿಯಾದೀತೆಂದು ಹತ್ತು ವರ್ಷ ಮೊದಲೇ ಹೆದರುತ್ತಾರೆ. ಆದಕಾರಣ ಉಪಾಧ್ಯಾಯಿನಿಗೂ ತಿಳಿಸುವುದಿಲ್ಲ, ನೆರೆಮನೆಗೂ ಹೇಳುವುದಿಲ್ಲ. ಹುಡುಗಿಯು ಶೌಚಾಲಯದಲ್ಲಿ ಅಡಗಿ ಚುಚ್ಚಿಕೊಳ್ಳುತ್ತಾಳೆ, ತಲೆಸುತ್ತಿದರೂ ಬಾಯಿಬಿಡುವುದಿಲ್ಲ. ತಿಳಿಯದವರ ಕೈಯಲ್ಲಿ ಅವಳು ಬಿದ್ದರೆ ಒಂದು ಚಮಚ ಸಕ್ಕರೆ ಕೊಡುವವರೂ ಇರುವುದಿಲ್ಲ. ಇಲ್ಲಿ ತಾಯ್ತಂದೆಗಳನ್ನು ದೂರುವುದಕ್ಕಿಂತ, ಗುಟ್ಟನ್ನು ಕೇಳಿದವರು ಅದನ್ನು ಬೀದಿಗೆ ಒಯ್ಯದಿರುವುದನ್ನು ಕಲಿಯುವುದು ಲೇಸು. ೨೦೧೭ರಲ್ಲಿ ಸಿ.ಬಿ.ಎಸ್.ಇ. ಮಂಡಲಿಯು ಇಂಥ ವಿದ್ಯಾರ್ಥಿಗಳು ಪರೀಕ್ಷೆಯ ಕೊಠಡಿಗೆ ಸಕ್ಕರೆ ಮಾತ್ರೆಯನ್ನೂ ಹಣ್ಣನ್ನೂ ಒಯ್ಯಲು ಅಪ್ಪಣೆ ಕೊಟ್ಟಿತು. ೨೦೨೩ರಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವು, ತರಗತಿಯಲ್ಲಿಯೂ ಇವರು ರಕ್ತವನ್ನು ಅಳೆದುಕೊಳ್ಳಲೂ ಮದ್ದು ಚುಚ್ಚಿಕೊಳ್ಳಲೂ ನಡುವೆ ತಿನ್ನಲೂ ಅವಕಾಶವಿರಬೇಕೆಂದು ರಾಜ್ಯಗಳಿಗೆ ಬರೆಯಿತು. ಉಪಾಧ್ಯಾಯಿನಿಯರು ಇನ್ನೊಂದನ್ನೂ ಗಮನಿಸಲಿ: ಆರೋಗ್ಯವಾಗಿದ್ದ ಹುಡುಗಿಯು ಪದೇ ಪದೇ ಹೊರಗೆ ಹೋಗಲು ಅಪ್ಪಣೆ ಕೇಳುತ್ತ, ನೀರು ಕುಡಿಯುತ್ತ, ಸೊರಗುತ್ತ ಬಂದರೆ ಅದು ಪಾಠತಪ್ಪಿಸುವ ಉಪಾಯವಲ್ಲದಿರಬಹುದು.

ಹೊರಡುವ ಮೊದಲು ತಾಯಿಯು ಒಂದು ಕಾಗದದಲ್ಲಿ ಮದ್ದು ಚುಚ್ಚಿದ ಹೊತ್ತು, ಊಟದ ಹೊತ್ತು, ತಮ್ಮ ಮಗುವಿನ ವಿಶೇಷ ಗುರುತುಗಳು, ಕೊಡಬೇಕಾದ ಸಕ್ಕರೆಯ ಚಮಚ, ಫೋನಿನ ಸಂಖ್ಯೆಗಳು ಇವಿಷ್ಟನ್ನು ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿ, ಸಕ್ಕರೆಯ ಡಬ್ಬವನ್ನು ಅದರ ಕೆಳಗೇ ಇಡಲಿ. ಆಸ್ಪತ್ರೆಯಲ್ಲಿ ಕೊಟ್ಟ ಇಂಗ್ಲಿಷ್ ಚೀಟಿಯಿಂದ ಪ್ರಯೋಜನವಿಲ್ಲ. ನೋಡಿಕೊಳ್ಳುವವಳು ಓದುವ ಅಕ್ಷರದಲ್ಲಿ ಅದು ಇರಬೇಕು. ಅಜ್ಜಿಗೆ ಓದು ಬಾರದಿದ್ದರೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸಿ, ಒಂದು ಸಲ ಅವರ ಕೈಯಿಂದಲೇ ಸಕ್ಕರೆಯ ನೀರನ್ನು ಕದಡಿಸಿ ನೋಡತಕ್ಕದ್ದು.