ಕೆಸರು ನೀರಿಗೆ ಕಡಿವಾಣ ಹಾಕುವವರು ಯಾರು?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಶಾಸನಸಭೆಯ ಭವನ ನಿಂತಿರುವುದು ಎರಡು ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆ. ಒಂದು ಕಡೆ ಮೆಂಡೋಟಾ, ಇನ್ನೊಂದು ಕಡೆ ಮೊನೋನಾ. ಬೇಸಿಗೆ ಬಂತೆಂದರೆ ಈ ನೀರು ಪಾಚಿಗಟ್ಟುತ್ತದೆ. ಕಾರಣ ರಂಜಕ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಹೊಲಗಳಿಂದಲೂ, ಮನೆ, ರಸ್ತೆ ಕಟ್ಟಲು ಅಗೆದ ಜಾಗಗಳಿಂದಲೂ ಮಳೆನೀರಿನೊಡನೆ ಹರಿದು ಬರುತ್ತದೆ.

ಹುಲ್ಲು, ಬೇರು ಕಿತ್ತ ನೆಲ ಒಂದೇ ಜಡಿಮಳೆಗೆ ಕರಗಿ ಹೋಗಬಹುದು. ತಡೆಯುವ ವಿದ್ಯೆ ದೊಡ್ಡದೇನಲ್ಲ: ಇಳಿಜಾರಿನ ಕೆಳಗೆ ಬಟ್ಟೆಯ ಬೇಲಿ, ಲಾರಿ ಬರುವಲ್ಲಿ ಜಲ್ಲಿ, ಕೆಸರು ತಳಕ್ಕಿಳಿಯಲು ಹೊಂಡ, ಬರಿ ನೆಲಕ್ಕೆ ಒಣಹುಲ್ಲಿನ ಹೊದಿಕೆ. ಆದರೆ ಎಷ್ಟು ಮಾಡಬೇಕೆಂದು ಹೇಳುವವರು ಯಾರು? ಜಗಳವಿರುವುದು ಇಲ್ಲಿಯೇ.

ಮ್ಯಾಡಿಸನ್ ಇರುವ ಡೇನ್ ಕೌಂಟಿ ಇಂಥ ವಿಷಯದಲ್ಲಿ ಮುಂದೆ ಹೆಜ್ಜೆಯಿಟ್ಟದ್ದು. ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವುದಕ್ಕೆ ಅದು 2005ರಲ್ಲೇ ಬಹುಮಟ್ಟಿಗೆ ತಡೆಯೊಡ್ಡಿತು. ರಾಜ್ಯ ಅದೇ ದಾರಿಗೆ ಬಂದದ್ದು 2010ರಲ್ಲಿ. ಊರು ಮೊದಲು ಮಾಡಿ ನೋಡುವುದು, ಸರಿಯೆನಿಸಿದರೆ ರಾಜ್ಯ ಒಪ್ಪುವುದು ಒಳ್ಳೆಯ ಪದ್ಧತಿಯೇ ಅಲ್ಲವೆ?

2013ರ ಬಜೆಟ್ ಮಸೂದೆ ಕಟ್ಟಡದ ಕೆಲಸದ ಮಟ್ಟಿಗೆ ಈ ಪದ್ಧತಿಗೆ ಬೀಗ ಹಾಕಿತು. ಗವರ್ನರ್ ಸ್ಕಾಟ್ ವಾಕರ್ ಸಹಿ ಮಾಡಿದ ಆ ಕಾಯ್ದೆಯ ಪ್ರಕಾರ ಸವಕಳಿ ಮತ್ತು ಮಳೆನೀರಿನ ಕುರಿತ ಸ್ಥಳೀಯ ನಿಯಮಗಳು ರಾಜ್ಯದ ಏಕರೂಪ ಮಟ್ಟಕ್ಕೆ ಸರಿಹೊಂದಬೇಕು, ಅದಕ್ಕಿಂತ ಬಿಗಿಯಾಗಕೂಡದು. ರಾಜ್ಯದ ನಿಯಮದಲ್ಲಿ ಎಕರೆಗೆ ವರ್ಷಕ್ಕೆ 5 ಟನ್ ಮಣ್ಣು ಹೊರಹೋಗುವುದೇ ಮಿತಿ. ಒಂದೊಂದು ಊರಿಗೆ ಒಂದೊಂದು ಕಟ್ಟಳೆಯಾದರೆ ಲೆಕ್ಕ ಹಾಕುವುದು ಹೇಗೆ ಎಂಬ ಬಿಲ್ಡರುಗಳ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನೆಲ ಏಕರೂಪವಲ್ಲವಲ್ಲ! ಡೇನ್ ಕೌಂಟಿಯೊಂದರಲ್ಲೇ ಪೂರ್ವಕ್ಕೆ ಹಿಮನದಿ ಸವೆಸಿದ ಮೆಲ್ಲನೆಯ ಏರಿಳಿತ, ಪಶ್ಚಿಮಕ್ಕೆ ಹಿಮನದಿ ಮುಟ್ಟದ ಕಡಿದಾದ ಗುಡ್ಡಗಳು.

ಕಾಯ್ದೆ ಎರಡು ಕಿಂಡಿಗಳನ್ನು ಬಿಟ್ಟಿದೆ. ನೀರಿನ ಪ್ರಮಾಣ ಅಥವಾ ನೆರೆಯನ್ನು ತಡೆಯಲು ಬೇಕಾದರೆ ಊರು ಬಿಗಿ ಮಾಡಬಹುದು. 2018ರ ಆಗಸ್ಟ್‌ನಲ್ಲಿ ಕೌಂಟಿಯ ಕೆಲವೆಡೆ ಒಂದೇ ದಿನದಲ್ಲಿ 11 ಅಂಗುಲಕ್ಕೂ ಮಿಗಿಲಾದ ಮಳೆ ಸುರಿದು ರಸ್ತೆಗಳೇ ಹೊಳೆಯಾದಾಗ ಈ ಕಿಂಡಿಯ ಬೆಲೆ ಕಂಡಿತು. ಎರಡನೆಯದು, ಈಗಾಗಲೇ ಕೆಟ್ಟ ನೀರಿಗಾಗಿ ಒಕ್ಕೂಟ ಸರ್ಕಾರ ಒಪ್ಪಿದ ಮಾಲಿನ್ಯ ಮಿತಿಯ ಯೋಜನೆ. ಮ್ಯಾಡಿಸನ್ನಿನ ಸರೋವರಗಳು 2011ರಲ್ಲಿ ಮಂಜೂರಾದ ರಾಕ್ ನದಿಯ ಯೋಜನೆಗೆ ಸೇರಿವೆ.

ಹಾಗಾದರೆ ಇನ್ನೂ ಕೆಡದ ನೀರು? ಕೌಂಟಿಯ ಪಶ್ಚಿಮದಲ್ಲಿ ಬ್ಲ್ಯಾಕ್ ಅರ್ತ್ ಎಂಬ ತಣ್ಣೀರ ಹಳ್ಳವಿದೆ, ಟ್ರೌಟ್ ಮೀನಿಗೆ ಹೆಸರಾದದ್ದು. ಅದು ಹರಿಯುವುದು ರಾಕ್ ನದಿಯತ್ತ ಅಲ್ಲ, ವಿಸ್ಕಾನ್ಸಿನ್ ನದಿಯತ್ತ. ಆ ಯೋಜನೆಯ ಆಸರೆ ಅದಕ್ಕೆ ದೊರೆಯದು.