ಮಳೆ ಕುಡಿದ ಚೀಲ

ಸಾಗರ ಪಟ್ಟಣದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಲೆನ್ಸಿಗೆ ಫಂಗಸ್ ಹಿಡಿದಿದೆ ಎಂದು ಯಾರಾದರೂ ಅವರ ಮೇಜಿನ ಮೇಲೆ ಕ್ಯಾಮೆರಾ ಇಟ್ಟರೆ, ಅದನ್ನು ಮುಟ್ಟುವ ಮೊದಲೇ ಅವರು ಕೇಳುವುದು: ‘ಇದನ್ನ ಇಡೋ ಬ್ಯಾಗ್ ತಂದಿದ್ದೀರಾ?’ ಆಷಾಢದ ಮಳೆ ಜಡಿ ಹಿಡಿದಿದ್ದ ಒಂದು ಮಧ್ಯಾಹ್ನ ಸ್ನೇಹಿತರೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ಅಂದು ಕಂಡದ್ದರ ಗುಂಗು ಇನ್ನೂ ಇಳಿದಿಲ್ಲ.

ಸ್ಕ್ರೂಡ್ರೈವರುಗಳ ಪಕ್ಕದಲ್ಲಿ ಅಕ್ಕಸಾಲಿಗರ ಅಂಗಡಿಯಲ್ಲಿರುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಸ್ನೇಹಿತರ ಬ್ಯಾಗಿನಿಂದ ಕ್ಯಾಮೆರಾದ ಸ್ಟ್ರ್ಯಾಪು, ಲೆನ್ಸ್ ಒರೆಸುವ ಬಟ್ಟೆ, ಸ್ಪಂಜು ತುಂಬಿದ ಡಿವೈಡರುಗಳನ್ನು ಒಂದೊಂದಾಗಿ ಹೊರತೆಗೆದು ತೂಗಿ ಚೀಟಿಯಲ್ಲಿ ಗುರುತು ಹಾಕಿಕೊಂಡರು. ಎಲ್ಲವನ್ನೂ ಮೂಲೆಯ ಮರದ ಪೆಟ್ಟಿಗೆಗೆ ಹಾಕಿ ಬಾಗಿಲು ಮುಚ್ಚಿದರು. ಪೆಟ್ಟಿಗೆಯ ಒಳಗೆ ಹಳೇ ಕಾಲದ ಒಂದು ಬಲ್ಬು ಉರಿಯುತ್ತಿತ್ತು, ಅಷ್ಟೇ. ನಾವು ಚಾ ಕುಡಿದೆವು. ಅಡಿಕೆಗೆ ಬಿದ್ದ ಕೊಳೆರೋಗದ ಮಾತು, ಔಷಧಿ ಹೊಡೆಯಲು ಮಳೆ ಬಿಡುವು ಕೊಡದ ಮಾತು ದೀರ್ಘವಾಗಿಯೇ ನಡೆಯಿತು. ಆಮೇಲೆ ಪೆಟ್ಟಿಗೆ ತೆಗೆದು ಮತ್ತೆ ತೂಗಿದರು. ಒಂದೊಂದೂ ಹಗುರಾಗಿತ್ತು.

‘ಕೈಯಲ್ಲಿ ಮುಟ್ಟಿದ್ರೆ ಬ್ಯಾಗು ಒಣಗೇ ಇದೆ ಅನ್ಸತ್ತೆ ಮಾರಾಯ್ರೆ. ಇಷ್ಟು ನೀರು ಒಳಗೇ ಕೂತಿತ್ತು ನೋಡಿ.’

ಮನೆಗೆ ಬಂದವನೇ ಲೆಕ್ಕಕ್ಕೆ ಕೂತೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವ ಪೂರ್ತಿ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಇರುವುದು ಸುಮಾರು 30 ಗ್ರಾಂ ನೀರು. 20 ಲೀಟರ್ ಹಿಡಿಸುವ ಬ್ಯಾಗಿನೊಳಗಿನ ಗಾಳಿಯಲ್ಲಿ ಹಾಗಾದರೆ ಎಷ್ಟು? 0.6 ಗ್ರಾಂ. ಅರ್ಧ ಗ್ರಾಮಿಗಿಂತ ತುಸು ಹೆಚ್ಚು! ನಾವೆಲ್ಲ ಹೆದರುವುದು ಮಳೆಗಾಲದ ಗಾಳಿಗೆ. ಆ ಗಾಳಿ ತರುವ ನೀರು ಇಷ್ಟೇ. ತಕ್ಕಡಿ ತೋರಿಸಿದ್ದು ಅದರ ಎಷ್ಟೋ ಪಟ್ಟು. ನೀರು ಕೂತಿರುವುದು ಗಾಳಿಯಲ್ಲಲ್ಲ, ಬೆವರು ಕುಡಿದ ಸ್ಟ್ರ್ಯಾಪಿನಲ್ಲಿ, ಒರೆಸುವ ಬಟ್ಟೆಯಲ್ಲಿ, ಲೆನ್ಸನ್ನು ಕಾಪಾಡಲೆಂದೇ ಕೊಟ್ಟ ಸ್ಪಂಜಿನಲ್ಲಿ. ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ತನ್ನ ತೂಕದ ಕಾಲು ಭಾಗದಷ್ಟು ನೀರು ಹೀರೀತು. 5 ಗ್ರಾಮಿನ ಪೊಟ್ಟಣವಾದರೆ ಒಂದೂಕಾಲು ಗ್ರಾಂ. ಒದ್ದೆ ಸ್ಟ್ರ್ಯಾಪಿನೆದುರು ಅದರ ಆಟ ನಡೆಯುವುದಿಲ್ಲ. ಆ ಪೊಟ್ಟಣವೊಂದಿದ್ದರೆ ಸಾಕು ಎಂದು ನೆಮ್ಮದಿಯಿಂದಿರುವ ಎಲ್ಲರಿಗೂ ಈ ಲೆಕ್ಕ ಹೇಳಬೇಕೆನಿಸುತ್ತದೆ.

ಲೆನ್ಸಿಗೆ ಹಿಡಿಯುವ ಫಂಗಸ್ ಎಂದರೆ ಬೂಷ್ಟು. ಅದರ ಕಣಗಳು ಧೂಳಿನೊಂದಿಗೆ ಎಲ್ಲೆಡೆ ಇರುತ್ತವೆ, ಅವನ್ನು ತಡೆಯಲಾಗದು. ವಾತಾವರಣದ ತೇವ ಶೇ 70 ದಾಟಿ ದಿನಗಟ್ಟಲೆ ನಿಂತರೆ ಅವು ಮೊಳೆಯುತ್ತವೆ. ಬೆರಳಚ್ಚಿನ ಜಿಡ್ಡು, ಒಂಚೂರು ಧೂಳು ಅವಕ್ಕೆ ಆಹಾರಕ್ಕೆ ಸಾಕು. ಬೆಳೆಯುತ್ತ ಅವು ಬಿಡುವ ಆಮ್ಲ ಲೆನ್ಸಿನ ಕೋಟಿಂಗನ್ನು ತಿನ್ನುತ್ತದೆ. ಹಾಗೆ ತಿಂದ ಮೇಲೆ ಒರೆಸಿದರೂ ಕಲೆ ಹೋಗದು. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಸೈನಿಕರ ದುರ್ಬೀನುಗಳನ್ನು ಕುರುಡಾಗಿಸಿದ್ದು ಇದೇ ಬೂಷ್ಟು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಈಗ ಒಂದು ನಿಯಮ ಗಟ್ಟಿಯಾಗಿದೆ. ಬ್ಯಾಗು ದಾರಿಗೆ, ಮನೆಗಲ್ಲ. ಮನೆಗೆ ಬಂದ ಕೂಡಲೇ ಕ್ಯಾಮೆರಾ ಹೊರಗೆ, ಬ್ಯಾಗು ಬಾಯಿ ತೆರೆದು ಫ್ಯಾನಿನ ಕೆಳಗೆ. ಕ್ಯಾಮೆರಾಗೆ ತೇವವನ್ನು ಹದದಲ್ಲಿಡುವ ಡ್ರೈ ಕ್ಯಾಬಿನೆಟ್ಟಿನಲ್ಲಿ ಶೇ 40ರಿಂದ 50ರ ತೇವ ಹಿತ. ಅಷ್ಟು ದುಡ್ಡಿಲ್ಲದಿದ್ದರೆ ಮುಚ್ಚಳಕ್ಕೆ ರಬ್ಬರ್ ಉಂಗುರವಿರುವ ಪ್ಲಾಸ್ಟಿಕ್ ಡಬ್ಬವೂ ಅದರ ತಳದಲ್ಲಿ ಬೊಗಸೆ ತುಂಬ ಸಿಲಿಕಾ ಜೆಲ್ಲೂ ಸಾಕು. ಕಿತ್ತಳೆ ಬಣ್ಣದ ಕಾಳು ತೇವ ಕುಡಿದು ಹಸಿರಿಗೆ ತಿರುಗಿದಾಗ 120 ಡಿಗ್ರಿಯಲ್ಲಿ ಒಂದೆರಡು ತಾಸು ಒಣಗಿಸಿ ಮತ್ತೆ ಬಳಸಬಹುದು.

ಇನ್ನು ಕೊಳ್ಳುವ ಮಾತು. ಚರ್ಮದ ಕೇಸು ಬೇಡ. ಕ್ಯಾಮೆರಾದ ತಳಕ್ಕೆ ಸ್ಕ್ರೂ ಹಾಕಿ ಕೂರಿಸಿ, ಮುಂಭಾಗ ಮಡಚಿ ಇಳಿಬಿಡುವ ಆ ಹಳೆಯ ಕೇಸುಗಳ ಚೆಂದಕ್ಕೆ ನಾನೂ ಸೋತವನೇ. ಆದರೆ ಚರ್ಮ ತೇವ ಹಿಡಿದಿಡುತ್ತದೆ, ತಾನೇ ಬೂಷ್ಟಿಗೆ ಊಟವಾಗುತ್ತದೆ. ಅಜ್ಜನ ಕಾಲದ ಆಗ್ಫಾ ಕ್ಲಿಕ್ ಕ್ಯಾಮೆರಾ ಮನೆಯಲ್ಲಿದ್ದರೆ ಅದನ್ನು ಕೇಸಿನಿಂದ ಇಂದೇ ಬೇರ್ಪಡಿಸಿಡಿ.

ಈಗಿನ ಬ್ಯಾಗುಗಳ ಚರಿತ್ರೆ ತೀರ ಚಿಕ್ಕದು. ಅಮೆರಿಕದ ಪರ್ವತಾರೋಹಿ ಗ್ರೆಗ್ ಲೋ 1967ರಲ್ಲಿ ತೊಡಗಿದ ಕೆಲಸವೇ ಮುಂದೆ ಲೋವೆಪ್ರೊ ಎಂಬ ಬ್ಯಾಗ್ ಕಂಪನಿಯಾಯಿತು. ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್ 1973ರಲ್ಲಿ ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲ. ನ್ಯೂಯಾರ್ಕಿನ ಫೋಟೊಗ್ರಾಫರುಗಳು ಅವನ್ನೇ ಕ್ಯಾಮೆರಾಗೆಂದು ಕೊಳ್ಳುತ್ತಿದ್ದಾರೆಂದು ಕಂಪನಿಗೆ ಗೊತ್ತಾಗಿದ್ದು 1978ರಲ್ಲಿ. ನನಗೆ ಅಚ್ಚುಮೆಚ್ಚು ಜಿಮ್ ಡಾಮ್ಕೆಯ ಕ್ಯಾನ್ವಾಸ್ ಚೀಲ. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಫೋಟೊಗ್ರಾಫರ್ ಆಗಿದ್ದ ಆತ 1970ರ ದಶಕದಲ್ಲಿ ತನ್ನ ಕೆಲಸಕ್ಕೆ ಒಪ್ಪುವಂತೆ ರೂಪಿಸಿಕೊಂಡದ್ದು. ಸ್ಪಂಜು ಕಡಿಮೆ, ಹತ್ತಿಬಟ್ಟೆ, ಒಳಗಿನ ಅರೆಗಳನ್ನು ಬಿಚ್ಚಿ ಹೊರಗಿಡಬಹುದು. ಹತ್ತಿಗೂ ಬೂಷ್ಟು ಹಿಡಿಯುತ್ತದೆ, ನಿಜ. ಹಿಡಿದದ್ದು ಕಣ್ಣಿಗೆ ಬೀಳುತ್ತದೆ. ಸ್ಪಂಜಿನ ಹೊಟ್ಟೆಯಲ್ಲಿ ಏನು ನಡೆದಿದೆಯೆಂದು ಯಾರಿಗೂ ಕಾಣುವುದಿಲ್ಲ.

ನೈಲಾನ್ ಬ್ಯಾಗು ಕೊಳ್ಳುವವರು ಕೈಯನ್ನು ಒಳಗೆ ಹಾಕಿ ಅಸ್ತರನ್ನು ಬೆರಳಿನಿಂದ ಉಜ್ಜಿ ನೋಡಬೇಕು. ನೀರು ತಡೆಯಲು ಒಳಮೈಗೆ ಬಳಿದ ಪಾಲಿಯುರೆಥೇನ್ ಬಿಸಿ ಮತ್ತು ತೇವಕ್ಕೆ ಕಾಲಕ್ರಮೇಣ ಒಡೆಯುತ್ತದೆ. ಹಲಸಿನ ಮೇಣದಂತೆ ಅಂಟಂಟಾಗಿ, ಕೊನೆಗೆ ಪುಡಿಪುಡಿಯಾಗಿ ಉದುರಿ ಲೆನ್ಸ್ ಮೇಲೆ ಕೂರುತ್ತದೆ. ರಿಯಾಯಿತಿಯಲ್ಲಿ ಸಿಗುವ ಹಳೇ ಸ್ಟಾಕಿನಲ್ಲಿ ಈ ಅಂಟು ಶುರುವಾಗಿರಬಹುದು. ‘ವಾಟರ್‌ಪ್ರೂಫ್’ ಎಂಬ ಚೀಟಿಯನ್ನು ನಾನು ನಂಬುವುದಿಲ್ಲ. ಹೊಲಿಗೆಯ ಒಂದೊಂದು ರಂಧ್ರವೂ ನೀರಿಗೆ ದಾರಿ. ಬ್ಯಾಗಿನ ತಳದಲ್ಲಿ ಮಡಚಿಟ್ಟ ರೇನ್ ಕವರ್ ಇದ್ದರೆ ಅದೇ ಆಸರೆ. ಅದು ಪೂರ್ತಿ ಬಿಚ್ಚಿ ಬೇರೆಯಾಗುವಂತಿರಲಿ, ಇಲ್ಲವಾದರೆ ಒದ್ದೆ ಕವರನ್ನು ಮತ್ತೆ ಬ್ಯಾಗಿನ ಹೊಟ್ಟೆಗೇ ತುರುಕಬೇಕಾಗುತ್ತದೆ.

ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್‌ಗೋ ಮರವಂತೆಯಲ್ಲಿ ದೋಣಿಗೋ ಹೊರಟವರಿಗೆ ಮಾತ್ರ ಪೆಲಿಕನ್ ಕಂಪನಿಯದರಂಥ ಗಟ್ಟಿ ಪೆಟ್ಟಿಗೆ. ಮುಚ್ಚಳದ ಸುತ್ತ ರಬ್ಬರ್ ಉಂಗುರ, ಗಾಳಿಯ ಒತ್ತಡ ಸರಿತೂಗಿಸಲೊಂದು ವಾಲ್ವು. ಐಪಿ67 ಎಂದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗದು. ಒಳಗಿರುವ ನೀರು ಹೊರಗೂ ಹೋಗದು. ಒದ್ದೆ ಸ್ಟ್ರ್ಯಾಪಿನ ಸಮೇತ ಅದನ್ನು ಮುಚ್ಚಿಟ್ಟರೆ ಬೂಷ್ಟಿಗೆ ಅದಕ್ಕಿಂತ ಸುಖದ ಮನೆ ಇನ್ನೊಂದಿಲ್ಲ.

ಬ್ಯಾಗಿನ ಬಾಯಿ ಮುಚ್ಚಿಡಲೇಬೇಕಾದ ಹೊತ್ತು ಒಂದಿದೆ. ಎ.ಸಿ. ಕಾರಿನಿಂದ ಮಂಗಳೂರಿನ ಸೆಕೆಗೆ ಇಳಿದಾಗ ತಣ್ಣಗಿನ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ. ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದುವವರೆಗೆ ಅರ್ಧ ತಾಸು ಜಿಪ್ಪು ತೆರೆಯಬೇಡಿ. ಇಲ್ಲಿ ದಪ್ಪ ಸ್ಪಂಜಿನ ಬ್ಯಾಗೇ ಮೇಲು. ಸಾಗರದ ಹಿರಿಯರೂ ಇದನ್ನು ಒಪ್ಪಿದರು.

ಪಕ್ಷಿಗಳ ಹುಚ್ಚಿರುವವರು ವೆಲ್ಕ್ರೊ ಮುಚ್ಚಳದ ಬ್ಯಾಗಿನ ಹತ್ತಿರ ಸುಳಿಯಬಾರದು. ರಂಗನತಿಟ್ಟಿನ ದೋಣಿಯಲ್ಲಿ ಆ ಪರ‍್ರ್ ಸದ್ದೊಂದು ಸಾಕು, ಪಕ್ಕದವರ ಚಿತ್ರವೂ ಹಾರಿಹೋಗುತ್ತದೆ. ಲೋಹದ ಕೊಂಡಿಯೋ ಸದ್ದಿಲ್ಲದ ಜಿಪ್ಪೋ ಇರುವುದನ್ನೇ ಹುಡುಕಿ. ಅಂಗಡಿಗೆ ಹೋಗುವಾಗ ಕ್ಯಾಮೆರಾಗೆ ಅತಿ ಉದ್ದದ ಲೆನ್ಸ್ ಜೋಡಿಸಿಕೊಂಡೇ ಹೋಗಿ, ಹಾಗೆಯೇ ಇಟ್ಟು ನೋಡಿ. ಭುಜದ ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಹೊಲಿಗೆ ಒತ್ತೊತ್ತಾಗಿ ಹಿಂದೆಮುಂದೆ ಓಡಿದೆಯೇ ಎಂದು ಕಣ್ಣಿಟ್ಟು ನೋಡಿ. ಬ್ಯಾಗು ಕಳಚಿ ಬೀಳುವುದು ಅಲ್ಲಿಂದಲೇ. ವಿಮಾನದಲ್ಲಿ ಹೋಗುವವರಿಗೆ ಇನ್ನೊಂದು ಲೆಕ್ಕ: ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೊ ಮಿತಿ. ಖಾಲಿ ಬ್ಯಾಗೇ 2 ಕಿಲೊ ಇದ್ದರೆ ಟೆಲಿಲೆನ್ಸ್ ಮನೆಯಲ್ಲೇ ಉಳಿಯುತ್ತದೆ. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಜೊತೆಗೇ ಒಯ್ಯಬೇಕು. ಅವುಗಳ ಲೋಹದ ತುದಿಗಳಿಗೆ ಮುಚ್ಚಳ ಹಾಕಿ, ಕೈಗೆಟಕುವ ಹೊರಜೇಬಿನಲ್ಲಿ ಇಟ್ಟುಕೊಳ್ಳಿ.