ಒಂದು ಚಮಚದ ಲೆಕ್ಕ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿಯ ಮುಂದೆ ನಿಂತ ರೈತನ ದೃಷ್ಟಿ ತೂಕದ ಅಂಕಿಯನ್ನು ಬಿಟ್ಟು ಕದಲದು. ಒಂದು ಕಿಲೋ ಕಡಮೆಯಾದರೂ ಆತ ಕೇಳದೆ ಬಿಡುವವನಲ್ಲ. ಆದರೆ ನಮ್ಮ ಮನೆಗಳಲ್ಲಿ ಜ್ವರ ಬಂದ ಮಗುವಿಗೆ ಮದ್ದು ಹಾಕುವಾಗ ನಾವು ಅಡುಗೆಮನೆಯ ಚಮಚವನ್ನೇ ನಂಬುತ್ತೇವೆ. ಗೂಡಿನ ತೂಕಕ್ಕಿರುವ ಎಚ್ಚರಿಕೆ ಮದ್ದಿನ ಅಳತೆಗೆ ಬೇಡವೇ?

ಜ್ವರಕ್ಕೆ ಕೊಡುವ ಪ್ಯಾರಸಿಟಮಾಲನ್ನೇ ತೆಗೆದುಕೊಳ್ಳೋಣ. ಎಳೆಯ ಕೂಸುಗಳಿಗೆಂದು ತಯಾರಾದ ಹನಿಮದ್ದಿನ ೧ ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ೧೦೦ ಮಿಲಿಗ್ರಾಂ ಔಷಧವಿರುತ್ತದೆ. ಸಿರಪ್ಪಿನಲ್ಲಾದರೋ ೫ ಮಿಲಿಲೀಟರಿಗೆ ೧೨೫ ಮಿಲಿಗ್ರಾಂ ಇರುವುದೊಂದು ಬಗೆ, ೨೫೦ ಮಿಲಿಗ್ರಾಂ ಇರುವುದಿನ್ನೊಂದು ಬಗೆ. ವೈದ್ಯರು ಮೊದಲ ಬಗೆಯ ಸಿರಪ್ಪನ್ನು ಮನಸ್ಸಿನಲ್ಲಿಟ್ಟು ‘೫ ಮಿಲಿಲೀಟರ್’ ಎಂದರೆನ್ನೋಣ. ಮನೆಯಲ್ಲಿ ಕೈಗೆ ಸಿಕ್ಕಿದುದು ಹನಿಮದ್ದಿನ ಸೀಸೆ. ಆಗ ಮಗುವಿನ ಹೊಟ್ಟೆ ಸೇರುವುದು ೫೦೦ ಮಿಲಿಗ್ರಾಂ. ಎಂದರೆ ನಾಲ್ಕು ಪಟ್ಟು! ಇಂತಹ ತಪ್ಪು ದಿನಕ್ಕೆ ಮೂರುನಾಲ್ಕು ಸಲ ಮರುಕಳಿಸಿದರೆ ಗತಿಯೇನು?

ಪ್ಯಾರಸಿಟಮಾಲಿನ ಸ್ವಲ್ಪಾಂಶವು ಯಕೃತ್ತಿನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ. ಅಲ್ಲಿಯೇ ಇರುವ ಗ್ಲುಟಥಯೋನ್ ಎಂಬ ವಸ್ತು ಆ ವಿಷವನ್ನು ಕೂಡಲೇ ಕಟ್ಟಿಹಾಕುತ್ತದೆ. ಮದ್ದು ಮಿತಿಮೀರಿದಾಗ ಗ್ಲುಟಥಯೋನಿನ ದಾಸ್ತಾನು ಬರಿದಾಗಿ ಯಕೃತ್ತಿನ ಕೋಶಗಳು ಸಾಯತೊಡಗುತ್ತವೆ. ಮೊದಲಲ್ಲಿ ಯಾವ ಲಕ್ಷಣವೂ ತೋರದಿರುವುದೇ ಇದರ ಅಪಾಯ.

ದೊಡ್ಡವರ ಪಾಡೂ ಇದಕ್ಕಿಂತ ಬೇರೆಯಲ್ಲ. ಮಾಗಡಿಯ ಅಥವಾ ಕನಕಪುರದ ರೋಗಿಯೊಬ್ಬರು ಊರಿನ ವೈದ್ಯರ ಚೀಟಿಯ ಜೊತೆಗೆ ಬೆಂಗಳೂರಿನ ಆಸ್ಪತ್ರೆಯ ಚೀಟಿಯನ್ನೂ ತಂದರೆ, ಒಂದೇ ಔಷಧವು ಎರಡು ವ್ಯಾಪಾರನಾಮಗಳಲ್ಲಿ ಮನೆ ಹೊಕ್ಕಬಹುದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ದಿನವೂ ನುಂಗಿದರೆ ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಂದಿ ಪ್ರಾಣಕ್ಕೇ ಸಂಚಕಾರ. ಹೀಗೆ ಸತ್ತವರು ಹಲವು ದೇಶಗಳಲ್ಲಿದ್ದಾರೆ. ಚೀಟಿಯಲ್ಲಿ ‘ಸೋಮವಾರ ಮಾತ್ರ’ ಎಂಬ ಎರಡು ಪದಗಳಿದ್ದರೆ ಒಂದು ಜೀವ ಉಳಿದೀತು.

ತಪ್ಪಿಗೆ ಒಬ್ಬರನ್ನೇ ದೂರಿ ಫಲವಿಲ್ಲ. ವೈದ್ಯರ ಲೇಖನಿಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಸೀಸೆಯಿಂದ ಚಮಚಕ್ಕೆ ಸಾಗುವ ದಾರಿಯಲ್ಲಿ ಕೈಯಿಂದ ಕೈಗೆ ದಾಟುವ ಪ್ರತಿಯೊಂದು ತಾಣದಲ್ಲಿಯೂ ಕಾವಲಿರಬೇಕು. ೨೦೧೬ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಔಷಧದ ಮೂಲನಾಮವನ್ನು ಸ್ಪಷ್ಟವಾಗಿ ಬರೆಯಬೇಕೆಂದು ವಿಧಿಸಿತು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಔಷಧದ ತಪ್ಪುಗಳಿಂದಾಗುವ ತೀವ್ರ ಹಾನಿಯನ್ನು ಅರ್ಧಕ್ಕಿಳಿಸುವ ಆಂದೋಲನವನ್ನು ಆರಂಭಿಸಿತು. ೨೦೨೪ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರ ಚೀಟಿಗಳು ಕನ್ನಡದಲ್ಲಿರಬೇಕೆಂದು ಆರೋಗ್ಯ ಸಚಿವರನ್ನು ಕೋರಿದರು. ಎಷ್ಟು, ಯಾವಾಗ, ಎಷ್ಟು ದಿನ ಎಂಬುದು ರೋಗಿಗೆ ತಿಳಿಯುವ ನುಡಿಯಲ್ಲಿದ್ದರೆ ಕೊನೆಯ ಕಾವಲುಗಾರನೂ ಎಚ್ಚೆತ್ತಂತಾಗುವುದು.

ಆ ಕಾವಲುಗಾರರು ಯಾರು? ಚನ್ನಪಟ್ಟಣದ ಹಳ್ಳಿಯ ಮನೆಯಲ್ಲಿ ಅಜ್ಜಿಗೆ ಚೀಟಿ ಓದಿ ಹೇಳುವ ವಿದ್ಯಾರ್ಥಿಗಳಾದ ನಾವೇ ಅಲ್ಲವೇ? ಈ ಸಂಜೆಯೇ ಮನೆಯ ಮದ್ದುಗಳನ್ನೆಲ್ಲ ಮುಂದಿಟ್ಟು ಮೂಲನಾಮ, ಪ್ರಮಾಣ, ವೇಳೆಗಳನ್ನು ಒಂದು ಹಾಳೆಯಲ್ಲಿ ಬರೆಯೋಣ. ಸೀಸೆಯೊಡನೆ ಬಂದ ಅಳತೆಯ ಮುಚ್ಚಳವನ್ನೇ ಬಳಸೋಣ. ಸಂದೇಹವಿದ್ದರೆ ಮದ್ದನ್ನು ಕೊಡುವ ಮೊದಲೇ ವೈದ್ಯರನ್ನೋ ಔಷಧ ವಿತರಕರನ್ನೋ ಕೇಳೋಣ. ಕೇಳಿದವನಿಗೆ ನಾಚಿಕೆಯಿಲ್ಲ, ಕೇಳದೆ ಕೊಟ್ಟವನಿಗೆ ಪಶ್ಚಾತ್ತಾಪ ತಪ್ಪದು.